ಟಿಕೆಟಿಗೆ ಜೋತುಬಿದ್ದ ಕಾನೂನು: ಕಾಸರಗೋಡಿನಲ್ಲಿ ಪ್ರಾಣಿ ಪ್ರದರ್ಶನಕ್ಕೆ ಯಾರ ಅಪ್ಪಣೆ ಬೇಕು?

2024ರ ನವೆಂಬರ್ 13ರಂದು ಕೇರಳ ಹೈಕೋರ್ಟು ಉತ್ಸವಗಳ ಆನೆಗಳ ವಿಚಾರದಲ್ಲಿ ಅಳತೆಪಟ್ಟಿಯನ್ನೇ ಕೈಗೆತ್ತಿಕೊಂಡಿತು. ಆನೆಗೂ ಆನೆಗೂ ನಡುವೆ 3 ಮೀಟರ್, ಆನೆಗೂ ಜನರಿಗೂ ನಡುವೆ 8 ಮೀಟರ್, ದೀವಟಿಗೆಯಿಂದ 5 ಮೀಟರ್, ಸಿಡಿಮದ್ದು ಸುಡುವ ಜಾಗದಿಂದ 100 ಮೀಟರ್. ಒಂದು ಉತ್ಸವದಿಂದ ಇನ್ನೊಂದಕ್ಕೆ ಕರೆದೊಯ್ಯುವ ಮುನ್ನ ಮೂರು ದಿನ ವಿಶ್ರಾಂತಿ. ಸರಿಯಾಗಿ 36 ದಿನ ಕಳೆದು, ಡಿಸೆಂಬರ್ 19ರಂದು, ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ತೃಶ್ಶೂರಿನ ಎರಡು ದೇವಸ್ವಗಳು, ಅಂದರೆ ದೇವಸ್ಥಾನದ ಆಡಳಿತ ಮಂಡಳಿಗಳು, ಹೂಡಿದ ಅರ್ಜಿಯ ಮೇಲೆ ಬಂದ ತಡೆ ಅದು. ಆದರೆ ಅದರ ಸುದ್ದಿ ಕಾಸರಗೋಡಿನ ಉತ್ಸವ ಸಮಿತಿಗಳ ತನಕ ತಲುಪುವ ಹೊತ್ತಿಗೆ "ಇನ್ನು ಯಾವ ಅನುಮತಿಯೂ ಬೇಡ" ಎಂಬ ರೂಪ ತಾಳುವುದು ಕಷ್ಟವೇನಲ್ಲ.

ಇನ್ನೊಂದು ಅರ್ಧಸತ್ಯ ಇದಕ್ಕಿಂತ ಸ್ವಲ್ಪ ಹಳೆಯದು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳ, ಎತ್ತಿನಗಾಡಿ ಓಟಗಳ ಪರವಾಗಿ ತೀರ್ಪು ಕೊಟ್ಟಿತು. ಕಂಬಳಕ್ಕೆ ದೇಶದ ಅತಿ ದೊಡ್ಡ ನ್ಯಾಯಾಲಯವೇ ಅಸ್ತು ಎಂದ ಮೇಲೆ ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆ ಏನು, ಈಚೆ ಏನು ಎಂಬ ಮಾತು ಮಂಜೇಶ್ವರದ ಕಡೆ ಸಹಜವಾಗಿ ಹುಟ್ಟಿಕೊಂಡಿತು.

ಈ ಎರಡು ಗೊಂದಲಗಳಿಗೂ ಬೇರು ಒಂದೇ. ಪ್ರಾಣಿಯನ್ನು ತೋರಿಸಲು ಅಥವಾ ಪಳಗಿಸಲು "ಒಂದು ಲೈಸೆನ್ಸ್" ಇದೆ, ಅದನ್ನು ಮಾಡಿಸಿಕೊಂಡರೆ ಮುಗಿಯಿತು ಎಂದು ನಾವು ಭಾವಿಸಿದ್ದೇವೆ. ಅಂಥದ್ದೊಂದು ಇಲ್ಲವೇ ಇಲ್ಲ. ಇರುವುದು ಸರ್ಕಸ್ ಡೇರೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಒಂದು ಕೇಂದ್ರ ಕಾಯಿದೆ, ಅದರ ಪಕ್ಕದಲ್ಲಿ ಬೆಳೆದ ವನ್ಯಜೀವಿ ಕಾಯಿದೆ, ಎರಡರ ನಡುವೆ ರಾಜ್ಯಗಳು ಹಾಕಿದ ತೇಪೆಗಳು. ಕಾಸರಗೋಡಿನಲ್ಲಿ ನಡೆಯುವ ಹೆಚ್ಚಿನ ಸಂಗತಿಗಳು ಡೇರೆಯ ಹೊರಗಿನವು. ತೊಡಕು ಶುರುವಾಗುವುದು ಅಲ್ಲಿಂದ.

ನೋಂದಣಿಯೋ ಪರವಾನಗಿಯೋ?

ಮೂಲ ಕಾಯಿದೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ. ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ ಇದಕ್ಕೆ ನಾಂದಿ. ಈ ಕಾಯಿದೆಯಡಿ 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲ ಅಧ್ಯಕ್ಷೆಯೂ ಅವರೇ. ಕಾಯಿದೆಯ ಐದನೆಯ ಅಧ್ಯಾಯ, ಅಂದರೆ 21ರಿಂದ 27ರವರೆಗಿನ ಸೆಕ್ಷನ್‌ಗಳು, ಪ್ರದರ್ಶನದ ಪ್ರಾಣಿಗಳಿಗೆ ಮೀಸಲು.

22ನೆಯ ಸೆಕ್ಷನ್ ಎರಡು ಮಾತು ಹೇಳುತ್ತದೆ. ನೋಂದಣಿ ಇಲ್ಲದೆ ಯಾರೂ ಪ್ರಾಣಿಯನ್ನು ಪ್ರದರ್ಶಿಸುವಂತಿಲ್ಲ, ಪ್ರದರ್ಶನಕ್ಕಾಗಿ ತರಬೇತಿ ಕೊಡುವಂತಿಲ್ಲ. ಕೇಂದ್ರ ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಪ್ರಾಣಿಗಳನ್ನಂತೂ ನೋಂದಣಿ ಇದ್ದರೂ ಬಳಸುವಂತಿಲ್ಲ. ಮೊದಲನೆಯದು ಬಾಗಿಲು, ಎರಡನೆಯದು ಗೋಡೆ. ಗೋಡೆಯ ಮುಂದೆ ನಿಂತು ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಬಾಗಿಲಿನ ಸ್ವಭಾವವೂ ಸ್ವಲ್ಪ ವಿಚಿತ್ರ. 23ನೆಯ ಸೆಕ್ಷನ್ ಪ್ರಕಾರ ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದವರನ್ನು ನೋಂದಾಯಿಸಿಕೊಳ್ಳಲೇಬೇಕು. ನ್ಯಾಯಾಲಯವೇ ಅನರ್ಹ ಎಂದು ಆದೇಶಿಸಿದವರಿಗೆ ಮಾತ್ರ ಅದು ಇಲ್ಲ. ಹಂದಿ ಸಾಕಣೆಗೆ ಪಂಚಾಯತಿನಿಂದ ಪರವಾನಗಿ ಪಡೆಯುವವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಅಲ್ಲಿ ಅಧಿಕಾರಿ ಜಾಗ ನೋಡಿ, ನೆರೆಕರೆಯವರ ಆಕ್ಷೇಪ ಕೇಳಿ, ಆಗದು ಎನ್ನಬಹುದು. ಇಲ್ಲಿ ಮೂಲ ಕಾಯಿದೆಯ ಮಟ್ಟಿಗೆ ಆಗದು ಎನ್ನುವ ಅವಕಾಶ ಕಡಿಮೆ. ಯಾವ ಪ್ರಾಣಿ, ಎಂಥ ಪ್ರದರ್ಶನ ಎಂಬುದನ್ನು ಪುಸ್ತಕದಲ್ಲಿ ಬರೆದಿಡುವುದು, ಆ ಪುಸ್ತಕವನ್ನು ಕಚೇರಿಯ ವೇಳೆಯಲ್ಲಿ ಶುಲ್ಕ ಕೊಟ್ಟ ಯಾರಿಗಾದರೂ ನೋಡಲು ಬಿಡುವುದು, ಇಷ್ಟೇ ಅದರ ಆಶಯ. ಕಟ್ಟುಪಾಡುಗಳು ಬಿಗಿಯಾದದ್ದು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳಿಂದ. ಪಶುವೈದ್ಯರ ಪ್ರಮಾಣಪತ್ರ, ಮಂಪರು ಬರಿಸುವ ಔಷಧಕ್ಕೆ ನಿಷೇಧ, ಪ್ರಾಣಿಗಳನ್ನು ಪರಸ್ಪರ ಕಾದಾಡಿಸಬಾರದೆಂಬ ಷರತ್ತು, ಚಲನಚಿತ್ರದಲ್ಲಿ ಬಳಸುವ ಮುನ್ನ ತಿಳಿಸಬೇಕೆಂಬ ವಿಧಿ, ಎಲ್ಲವೂ ಈ ನಿಯಮಗಳ ಮೂಲಕ ಬಂದವು. ಬೇಕಲ ಕೋಟೆಯ ಬಳಿ ಚಿತ್ರೀಕರಣಕ್ಕೆ ಕುದುರೆ ತಂದರೂ ಒಳನಾಡಿನ ಅಂಗಳದಲ್ಲಿ ಕ್ಯಾಮೆರಾದ ಮುಂದೆ ಒಂದು ಆಡನ್ನು ಓಡಿಸಿದರೂ ಇದು ಅನ್ವಯಿಸುತ್ತದೆ.

ಅರ್ಜಿ ಹೋಗುವುದು ಎಲ್ಲಿಗೆ? ಪಂಚಾಯತಿಗೂ ಅಲ್ಲ, ತಿರುವನಂತಪುರಕ್ಕೂ ಅಲ್ಲ. ಪ್ರಾಣಿ ಕಲ್ಯಾಣ ಮಂಡಳಿಗೆ. ಅದು ಒಂದು ಕಾಲದಲ್ಲಿ ಚೆನ್ನೈಯಲ್ಲಿತ್ತು, ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ಮಂಜೇಶ್ವರದ ಒಬ್ಬ ಸಣ್ಣ ವ್ಯಾಪಾರಿಗೆ ಈ ದೂರ ಬರೀ ಕಿಲೋಮೀಟರಿನ ಲೆಕ್ಕವಲ್ಲ. ಗ್ರಾಮ ಕಚೇರಿಯಲ್ಲಿ ಕನ್ನಡದ ಅರ್ಜಿಗಾಗಿಯೇ ಹೋರಾಡಿ ಬಂದವರಿಗೆ ಇದು ಇನ್ನೂ ಎರಡು ಭಾಷೆ ಆಚೆಗಿನ ಕಚೇರಿ.

ಒಂದು ಶಬ್ದದ ಮೇಲೆ ನಿಂತ ಗಡಿ

ಈಗ ಗಂಟಿನ ಜಾಗಕ್ಕೆ ಬರೋಣ. "ಪ್ರದರ್ಶನ" ಎಂದರೆ ಏನು? 21ನೆಯ ಸೆಕ್ಷನ್‌ನ ಪ್ರಕಾರ, ಟಿಕೆಟ್ ಮಾರಾಟದ ಮೂಲಕ ಸಾರ್ವಜನಿಕರನ್ನು ಒಳಬಿಡುವ ಮನರಂಜನೆಯಲ್ಲಿ ತೋರಿಸುವುದು. "ತರಬೇತಿ" ಎಂದರೆ ಅಂಥ ಪ್ರದರ್ಶನಕ್ಕಾಗಿ ಕೊಡುವ ತರಬೇತಿ ಮಾತ್ರ.

ಈ ಅಧ್ಯಾಯದ ಮೇಲೆ 1925ರ ಬ್ರಿಟಿಷ್ ಕಾಯಿದೆಯ ನೆರಳು ದಟ್ಟವಾಗಿದೆ. ಪರಿಶೀಲನೆಗೆ ಬಂದ ಅಧಿಕಾರಿ ಆಟ ನಡೆಯುವಾಗ ರಂಗದ ಮೇಲಾಗಲಿ ಹಿಂದಾಗಲಿ ಹೋಗಬಾರದೆಂಬ ವಿಧಿ ಕೂಡ ಅಲ್ಲಿಂದ ಬಂದದ್ದು. ಆದರೆ ಅಲ್ಲಿನ ವ್ಯಾಖ್ಯೆಯಲ್ಲಿ "ಹಣ ಕೊಟ್ಟೋ ಕೊಡದೆಯೋ" ಜನ ಸೇರುವ ಯಾವುದೇ ಮನರಂಜನೆ ಎಂದಿತ್ತು. ನಮ್ಮವರು ಅದನ್ನು ಕಿರಿದುಗೊಳಿಸಿ ಟಿಕೆಟಿಗೆ ಕಟ್ಟಿಹಾಕಿದರು. ಹಳ್ಳಿಯ ಜಾತ್ರೆ, ಬೀದಿಯ ಆಟಗಾರರನ್ನು ಹೊರಗಿಡುವ ಉದ್ದೇಶವಿತ್ತೆಂದು ಊಹಿಸಬಹುದು. ಇಂಗ್ಲೆಂಡ್ 2018ರಲ್ಲಿ ಆ ಹಳೆಯ ನೋಂದಣಿ ಪದ್ಧತಿಯನ್ನೇ ಬಿಟ್ಟು, ತಪಾಸಣೆಯ ನಂತರ ಕೊಡುವ ಪರವಾನಗಿ ಪದ್ಧತಿಗೆ ಹೊರಳಿತು. ನಾವು ಅದರ ಕಿರಿದಾದ ಪ್ರತಿಯನ್ನು ಇಟ್ಟುಕೊಂಡು ಕುಳಿತಿದ್ದೇವೆ.

ಇದರ ಪರಿಣಾಮಗಳನ್ನು ನೋಡಿ. ನಾಯಿಗೆ ಕೂರುವುದು, ಬರುವುದು, ಕಾಯುವುದನ್ನು ಕಲಿಸುವ ತರಬೇತಿ ಕೇಂದ್ರಕ್ಕೆ ಈ ಅಧ್ಯಾಯದ ನೋಂದಣಿ ಬೇಡ, ಏಕೆಂದರೆ ಆ ನಾಯಿ ಯಾರ ಮುಂದೆಯೂ ಟಿಕೆಟಿನ ಆಟ ಆಡುವುದಿಲ್ಲ. ಅಲ್ಲಿ ಬೇಕಾಗುವುದು ಸ್ಥಳೀಯ ಸಂಸ್ಥೆಯ ಅನುಮತಿ. ಅದೇ ಕೇಂದ್ರ ಮರಿಗಳನ್ನು ಹಾಕಿಸಿ ಮಾರಿದರೆ 2017ರ ನಾಯಿ ತಳಿ ನಿಯಮಗಳೂ, ಸಾಕುಪ್ರಾಣಿ ಅಂಗಡಿ ತೆರೆದರೆ 2018ರ ಅಂಗಡಿ ನಿಯಮಗಳೂ ಬರುತ್ತವೆ. ಎರಡಕ್ಕೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ಅದೇ ನಾಯಿಗಳನ್ನು ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿ ಬಾಗಿಲಲ್ಲಿ ಟಿಕೆಟ್ ಹರಿದರೆ ಐದನೆಯ ಅಧ್ಯಾಯ ಎಚ್ಚರಗೊಳ್ಳುತ್ತದೆ. ಪೊಲೀಸ್ ಮತ್ತು ಸೇನೆಯ ನಾಯಿಗಳಿಗೆ 27ನೆಯ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ.

ವಸ್ತುಪ್ರದರ್ಶನಗಳಲ್ಲಿ ಈಚೆಗೆ ಕಾಣುವ ಮಕಾವ್ ಗಿಳಿ, ಇಗ್ವಾನಾ, ಹೆಬ್ಬಾವಿನಂಥ ವಿದೇಶಿ ಹಾವುಗಳ ಮಳಿಗೆ ಇನ್ನೂ ಜಟಿಲ. ಮೈದಾನದ ಗೇಟಿನಲ್ಲಿ ಟಿಕೆಟ್ ಇದೆ, ಮಳಿಗೆಯೊಳಗೆ ಇಲ್ಲ. ಮಳಿಗೆಯವರು ತಮ್ಮದು ಉಚಿತ ಎನ್ನಬಹುದು, ಸಂಘಟಕರು ತಾವು ಪ್ರಾಣಿ ತಂದಿಲ್ಲ ಎನ್ನಬಹುದು. ಆದರೆ ಕಾಯಿದೆಯ ಮಾತು ಜನರನ್ನು ಟಿಕೆಟಿನ ಮೂಲಕ ಒಳಬಿಟ್ಟ ಮನರಂಜನೆ ಎಂದಷ್ಟೇ ಇದೆ. ಟಿಕೆಟ್ ಯಾವ ಬಾಗಿಲಲ್ಲಿ ಹರಿಯಿತು ಎಂದು ಅದು ಕೇಳುವುದಿಲ್ಲ. ಇದರ ಜೊತೆಗೆ 2024ರ ಫೆಬ್ರವರಿ 28ರ ನಿಯಮಗಳಂತೆ, ವನ್ಯಜೀವಿ ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿರುವ ಇಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ ಕಾಗದ. ಅದನ್ನು ಚೌಕಟ್ಟು ಹಾಕಿಸಿ ಮಳಿಗೆಯಲ್ಲಿ ತೂಗುಹಾಕಿದ ಮಾತ್ರಕ್ಕೆ ಪ್ರದರ್ಶನದ ಅನುಮತಿ ಆಗುವುದಿಲ್ಲ.

ಗೋಡೆಯೊಳಗಿನ ಪ್ರಾಣಿಗಳು

ಪಕ್ಕದ ಕಣ್ಣೂರು ಜಿಲ್ಲೆಯ ತಲಶ್ಶೇರಿ ಭಾರತೀಯ ಸರ್ಕಸ್ಸಿನ ತೊಟ್ಟಿಲು. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಅಲ್ಲಿನ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು. ಅಲ್ಲಿ ಕಲಿತವರು ಕಟ್ಟಿದ ಕಂಪೆನಿಗಳು ದೇಶವನ್ನೆಲ್ಲ ಸುತ್ತಿದವು. ಆದ್ದರಿಂದ ಸರ್ಕಸ್ಸಿನ ಪ್ರಾಣಿಗಳ ಭವಿಷ್ಯ ಕೇರಳದ ನ್ಯಾಯಾಲಯದಲ್ಲೇ ತೀರ್ಮಾನವಾದದ್ದರಲ್ಲಿ ಒಂದು ಔಚಿತ್ಯವಿತ್ತು.

1998ರ ಅಕ್ಟೋಬರ್ 14ರ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನದಿಂದ ಹೊರಗಿಟ್ಟಿತು. ಇದು ತಮ್ಮ ವೃತ್ತಿಯ ಹಕ್ಕನ್ನು ಕಸಿಯುತ್ತದೆಂದು ಸರ್ಕಸ್ ಮಾಲೀಕರು ವಾದಿಸಿದರು. 2000ದ ಜೂನ್‌ನಲ್ಲಿ ಕೇರಳ ಹೈಕೋರ್ಟು, ಮರುವರ್ಷ ಮೇ 1ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿದವು. 2011ರ ಜುಲೈ 11ರಂದು ಆ ಪಟ್ಟಿಗೆ ಒಂದು ಹೆಸರು ಸೇರಿತು: ಹೋರಿ. ಮೊದಲ ಐದು ಹೆಸರುಗಳು ಸರ್ಕಸ್ಸನ್ನು ಮುಟ್ಟಿದ್ದವು. ಈ ಆರನೆಯದು ಹಳ್ಳಿಯ ಗದ್ದೆಯನ್ನು ಮುಟ್ಟಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟವನ್ನು ನಿಷೇಧಿಸಿತು, ಕೇರಳದ ಮರಮಡಿ, ಕಾಳಪೂಟ್ಟು ಎಂಬ ಗದ್ದೆಯ ಎತ್ತಿನ ಓಟಗಳಿಗೂ ಬಿಸಿ ತಟ್ಟಿತು. 2016ರ ಜನವರಿ 7ರಂದು ಕೇಂದ್ರ ಕರ್ನಾಟಕ, ಕೇರಳ ಸೇರಿದಂತೆ ಕೆಲವು ರಾಜ್ಯಗಳ ಎತ್ತಿನ ಓಟಕ್ಕೆ ವಿನಾಯಿತಿ ಕೊಟ್ಟಿತಾದರೂ ಐದೇ ದಿನಗಳಲ್ಲಿ ಅದಕ್ಕೂ ತಡೆ ಬಿತ್ತು.

ಕೋಣಕ್ಕೆ ರಾಜ್ಯವಿಲ್ಲ, ಕರೆಗೆ ಇದೆ

2017ರ ಜನವರಿಯಲ್ಲಿ ಚೆನ್ನೈಯ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿನ ಪರವಾಗಿ ಸೇರಿದ ಜನಸಾಗರ ಇಡೀ ಚರ್ಚೆಯ ದಿಕ್ಕನ್ನು ತಿರುಗಿಸಿತು. ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರವೂ ರಾಜ್ಯವೂ ಕಾಯಿದೆ ಮಾಡಬಹುದಾದದ್ದು. ಕೇಂದ್ರ ಕಾಯಿದೆಗೆ ರಾಜ್ಯವೊಂದು ತಿದ್ದುಪಡಿ ತಂದು ರಾಷ್ಟ್ರಪತಿಯ ಅಂಕಿತ ಪಡೆದರೆ, ಆ ರಾಜ್ಯದ ಎಲ್ಲೆಯೊಳಗೆ ತಿದ್ದುಪಡಿಯೇ ಮೇಲು. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಈ ದಾರಿ ಹಿಡಿದವು. 2023ರ ತೀರ್ಪು ತೂಗಿ ನೋಡಿದ್ದು ಈ ಮೂರು ತಿದ್ದುಪಡಿಗಳನ್ನು. ಕೇರಳದ್ದು ಅವುಗಳಲ್ಲಿ ಇರಲಿಲ್ಲ.

ಹಾಗಾಗಿ ಒಂದೇ ಹಟ್ಟಿಯ ಕೋಣಗಳು ದಕ್ಷಿಣ ಕನ್ನಡದ ಕರೆಯಲ್ಲಿ (ಕಂಬಳದ ಓಟದ ಗದ್ದೆಯಲ್ಲಿ) ಓಡಿದರೆ ಅವುಗಳಿಗೆ ಕರ್ನಾಟಕದ ತಿದ್ದುಪಡಿಯ ಕೊಡೆ ಇದೆ. ಅವೇ ಕೋಣಗಳು ಪೈವಳಿಕೆಯ ಬೋಳಂಗಳದಂಥ ಕರೆಗೆ ಇಳಿದರೆ ಕರ್ನಾಟಕದ ಕೊಡೆ ಅಲ್ಲಿಗೆ ಚಾಚುವುದಿಲ್ಲ. 1956ರ ನವೆಂಬರ್ 1ರಂದು ಎಳೆದ ಗೆರೆಯನ್ನು ತುಳು ದಾಟಿತು, ಯಕ್ಷಗಾನ ದಾಟಿತು. ವಿಧಾನಸಭೆಯ ಕಾಯಿದೆ ದಾಟುವುದಿಲ್ಲ.

ಹಾಗೆಂದರೆ ಗಡಿಯ ಈಚೆ ಕಂಬಳ ತಾನೇ ತಾನಾಗಿ ನಿಷಿದ್ಧವೇ? ಇಲ್ಲಿ ಎರಡು ಓದುಗಳಿವೆ. ಕಂಬಳದ ಪರ ನಿಲ್ಲುವವರ ವಾದ ಹೀಗೆ ಸಾಗುತ್ತದೆ: ಅಧಿಸೂಚನೆಯಲ್ಲಿರುವುದು ಹೋರಿ, ಕೋಣವಲ್ಲ. ಕರೆಯ ಬದಿಯಲ್ಲಿ ನಿಂತು ನೋಡುವವರಿಗೆ ಸಾಮಾನ್ಯವಾಗಿ ಟಿಕೆಟೂ ಇಲ್ಲ. ಆದ್ದರಿಂದ ಗೋಡೆಯೂ ಅಡ್ಡವಿಲ್ಲ, ಬಾಗಿಲೂ ಬೇಕಿಲ್ಲ. ಪ್ರಾಣಿದಯೆಯ ಸಂಘಟನೆಗಳು ಬೇರೆ ಕಡೆಯಿಂದ ಬರುತ್ತವೆ. 22ನೆಯ ಸೆಕ್ಷನ್ ಹೋಗಲಿ, 3 ಮತ್ತು 11ನೆಯ ಸೆಕ್ಷನ್‌ಗಳು ಎಲ್ಲ ಪ್ರಾಣಿಗಳಿಗೂ ಅನ್ವಯ. ಅನಗತ್ಯ ನೋವು ಕೊಡುವುದು ಟಿಕೆಟ್ ಇದ್ದರೂ ಇಲ್ಲದಿದ್ದರೂ ಅಪರಾಧ. 2016ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟದ್ದೂ 2014ರ ತೀರ್ಪಿನ ಬೆಳಕಿನಲ್ಲಿ. ಹೋರಿಯಲ್ಲ ಎಂಬ ವಾದ ಅಷ್ಟು ಗಟ್ಟಿಯಾಗಿದ್ದರೆ ಕರ್ನಾಟಕಕ್ಕೆ ತಿದ್ದುಪಡಿಯೇ ಬೇಕಾಗುತ್ತಿರಲಿಲ್ಲವಲ್ಲ? ಈ ಪ್ರಶ್ನೆಗೆ ಮೊದಲ ಪಕ್ಷದವರಲ್ಲಿ ಒಪ್ಪುವಂಥ ಉತ್ತರವಿಲ್ಲ.

ಆದ್ದರಿಂದ ಗಡಿಯ ಈಚೆಗಿನ ಕಂಬಳದ ಭದ್ರತೆ ನಿಂತಿರುವುದು ಟಿಕೆಟ್ ಇಲ್ಲ ಎಂಬ ಸಂಗತಿಯ ಮೇಲೂ ಕೋಣಕ್ಕೆ ಹೊಡೆತ ಬೀಳುವುದಿಲ್ಲ ಎಂದು ಸಂಘಟಕರು ತೋರಿಸಿಕೊಡುವುದರ ಮೇಲೂ. ತಿದ್ದುಪಡಿ ಇರುವ ರಾಜ್ಯದಲ್ಲಿ ಕೂಡ ಎರಡನೆಯದು ಕಡ್ಡಾಯ. ನಿಯಮಗಳ ಕಟ್ಟುನಿಟ್ಟಿನ ಪಾಲನೆಯ ಹೊಣೆಯನ್ನು 2023ರ ತೀರ್ಪು ಜಿಲ್ಲಾಡಳಿತದ ಹೆಗಲಿಗೇ ಹೊರಿಸಿದೆ.

ಆನೆಯ ಕಡತ

ಆನೆಗೆ ಟಿಕೆಟ್ ಇಲ್ಲ. ತಿಡಂಬು (ಉತ್ಸವಮೂರ್ತಿ) ಹೊತ್ತು ನಿಂತ ಆನೆಯನ್ನು ಯಾರೂ ದುಡ್ಡು ಕೊಟ್ಟು ನೋಡುವುದಿಲ್ಲ. ಆದರೂ ಅದರ ಕಡತವೇ ಎಲ್ಲಕ್ಕಿಂತ ದಪ್ಪ. ವನ್ಯಜೀವಿ ಕಾಯಿದೆಯಡಿ ಮಾಲೀಕತ್ವದ ಪ್ರಮಾಣಪತ್ರ ಬೇಕು, ಊರಿಂದೂರಿಗೆ ಸಾಗಿಸಲು ಅನುಮತಿ ಬೇಕು. 2012ರ ಕೇರಳ ಸಾಕಾನೆ ನಿಯಮಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಮೇಲ್ವಿಚಾರಣಾ ಸಮಿತಿಯನ್ನು ಮಧ್ಯಕ್ಕೆ ತಂದವು. ಉತ್ಸವ ನಡೆಸುವ ದೇವಸ್ಥಾನಗಳು ಆ ಸಮಿತಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2015ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ನೀಡಿತು. ಮದ ಬಂದ ಆನೆಯನ್ನು ಉತ್ಸವದಲ್ಲಿ ನಿಲ್ಲಿಸುವಂತಿಲ್ಲ ಎಂಬುದಕ್ಕೆ ಮೀಟರ್ ಲೆಕ್ಕದ ಆದೇಶವೇ ಬೇಕಾಗಿಲ್ಲ.

2024ರ ಡಿಸೆಂಬರಿನ ತಡೆ ಹೈಕೋರ್ಟಿನ ಆದೇಶದಲ್ಲಿ 2012ರ ನಿಯಮಗಳಿಗೆ ವ್ಯತಿರಿಕ್ತವಾದ ಅಂಶಗಳಿಗೆ ಸಂಬಂಧಿಸಿದ್ದು. ನಿಯಮಗಳು ಇದ್ದಲ್ಲೇ ಇವೆ, ಸಮಿತಿಯೂ ಇದೆ. 8 ಮೀಟರ್ ಎಂಬ ಅಂಕಿ ಹೋಯಿತೆಂದ ಮಾತ್ರಕ್ಕೆ ಅರ್ಜಿ ಹಾಕುವ ಕೆಲಸ ತಪ್ಪಿದ್ದಲ್ಲ. ತೃಶ್ಶೂರಿನಲ್ಲಿ ಸಾಲಾನೆಗಳ ನಡುವೆ 3 ಮೀಟರ್ ಬಿಡುವುದು ಅಲ್ಲಿನ ಪೂರ ಉತ್ಸವದ ವಿನ್ಯಾಸವನ್ನೇ ಕೆಡಿಸುವ ಪ್ರಶ್ನೆ. ಹೊರ ಜಿಲ್ಲೆಯಿಂದ ಒಂದೋ ಎರಡೋ ಆನೆ ತರಿಸುವ ಸಣ್ಣ ದೇವಸ್ಥಾನಕ್ಕೆ ಹೆಚ್ಚು ಕಾಡುವುದು ಲಾರಿಯ ದೂರ ಮತ್ತು ವಿಶ್ರಾಂತಿಯ ದಿನಗಳು. ದಿನ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚುತ್ತದೆ. 2023ರ ಫೆಬ್ರವರಿಯಲ್ಲಿ ತೃಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ದೇವಸ್ಥಾನ ಯಂತ್ರದ ಆನೆಯನ್ನು ಬರಮಾಡಿಕೊಂಡಾಗ ಅದರ ಹಿಂದೆ ಪ್ರಾಣಿದಯೆಯ ಮಾತಿತ್ತು. ಇನ್ನು ಮುಂದೆ ಅಂಥ ಆನೆ ತರಿಸುವ ಸಮಿತಿಗಳ ಮಾತು ಲೆಕ್ಕಪುಸ್ತಕದ್ದೂ ಆಗಿರಬಹುದು.

ಯಾವ ಕಚೇರಿಯೂ ಕೊಡಲಾಗದ ಅನುಮತಿ

ಕೆಲವು ಸಂಗತಿಗಳಿಗೆ ಅರ್ಜಿಯೇ ಇಲ್ಲ. ಕೋಳಿ ಅಂಕ ಅದರಲ್ಲಿ ಮೊದಲನೆಯದು. ಪ್ರಾಣಿಗಳನ್ನು ಕಾದಾಡಿಸುವುದು, ಅದಕ್ಕೆ ಜಾಗ ಕೊಡುವುದು, ಪ್ರವೇಶಕ್ಕೆ ಹಣ ಪಡೆಯುವುದು, ಎಲ್ಲವೂ 11ನೆಯ ಸೆಕ್ಷನ್‌ನ ಅಪರಾಧ. ಜಾತ್ರೆಯ ಭಾಗವೆಂದೋ ಜೂಜಿಲ್ಲದ ಅಂಕವೆಂದೋ ಪೊಲೀಸರಿಂದ ಅನುಮತಿ ತರುತ್ತೇವೆ ಎನ್ನುವವರು ಇಲ್ಲದ ಅಂಗಡಿಯಲ್ಲಿ ಸಾಮಾನು ಕೇಳುತ್ತಿದ್ದಾರೆ. ಗಿಳಿಶಾಸ್ತ್ರದವರ ಪಂಜರದ ಗಿಳಿಗೆ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಹಾವು ಹಿಡಿಯುವವರಿಗೆ ಕೇರಳ ಅರಣ್ಯ ಇಲಾಖೆ 2020ರಿಂದ ತರಬೇತಿ ಮತ್ತು ಪ್ರಮಾಣಪತ್ರ ಕೊಡುತ್ತಿದೆ, ಸರ್ಪ ಎಂಬ ಆ್ಯಪ್ ಮೂಲಕ ಅವರನ್ನು ಕರೆಸಬಹುದು. ಆದರೆ ಆ ಪತ್ರ ಹಾವನ್ನು ಹಿಡಿದು ಕಾಡಿಗೆ ಬಿಡಲು ಕೊಟ್ಟದ್ದು. ನಾಗರಹಾವನ್ನು ಶಾಲೆಯ ವೇದಿಕೆಯಲ್ಲಿ ಎತ್ತಿ ತೋರಿಸಲು ಅಲ್ಲ.

ಅನಂತಪುರದ ಸರೋವರ ದೇವಸ್ಥಾನದ ಮೊಸಳೆಯನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. 2022ರ ಅಕ್ಟೋಬರಿನಲ್ಲಿ ಬಬಿಯಾ ಎಂಬ ಆ ಮೊಸಳೆ ತೀರಿಕೊಂಡ ಮೇಲೆ, 2023ರಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅಲ್ಲಿ ಟಿಕೆಟ್ ಇಲ್ಲ, ಪಳಗಿಸಿದವರಿಲ್ಲ. ಕಾನೂನು ಕಾಡುಪ್ರಾಣಿ ಎಂದು ರಕ್ಷಿಸುತ್ತದೆ, ಪ್ರದರ್ಶನ ಎಂದು ಎಣಿಸುವುದಿಲ್ಲ.

ದಂಡ ಸಣ್ಣದು, ಪೆಟ್ಟು ದೊಡ್ಡದು

ನೋಂದಣಿ ಇಲ್ಲದೆ ಪ್ರದರ್ಶಿಸಿದರೆ 26ನೆಯ ಸೆಕ್ಷನ್‌ನಂತೆ ಗರಿಷ್ಠ 500 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. 500 ರೂಪಾಯಿ ಒಂದು ಆನೆಯ ಒಂದು ಹೊತ್ತಿನ ಮೇವಿಗೂ ಸಾಲದು. 11ನೆಯ ಸೆಕ್ಷನ್‌ನ ಮೊದಲ ಅಪರಾಧಕ್ಕಂತೂ ದಂಡ 50 ರೂಪಾಯಿ ದಾಟುವುದಿಲ್ಲ. ಇದನ್ನು ನೋಡಿ ಕಾಯಿದೆಗೆ ಹಲ್ಲಿಲ್ಲ ಎಂದು ನಗುವವರು ಒಂದನ್ನು ಮರೆಯುತ್ತಾರೆ. ಸಮಿತಿಗೆ ನಿಜವಾದ ನಷ್ಟ ದಂಡದಿಂದ ಬರುವುದಿಲ್ಲ. ಹಿಂಸೆ ನಡೆದಿದೆಯೆಂದು ಕಂಡರೆ 24ನೆಯ ಸೆಕ್ಷನ್‌ನಡಿ ನ್ಯಾಯಾಲಯ ಪ್ರದರ್ಶನವನ್ನೇ ನಿಲ್ಲಿಸಬಹುದು. ಚಪ್ಪರ ಹಾಕಿ, ಊಟಕ್ಕೆ ಅಕ್ಕಿ ತಂದಿಟ್ಟ ಮೇಲೆ ಬರುವ ತಡೆಯಾಜ್ಞೆಯ ಬೆಲೆ ಲಕ್ಷಗಳಲ್ಲಿ. ಅವಘಡವಾದರೆ ಅನುಮತಿ ಪತ್ರವಿಲ್ಲ ಎಂಬ ಒಂದೇ ಅಂಶ ನಿರ್ಲಕ್ಷ್ಯದ ಮೊಕದ್ದಮೆಯಲ್ಲಿಯೂ ಪರಿಹಾರದ ದಾವೆಯಲ್ಲಿಯೂ ಸಂಘಟಕರಿಗೆ ಎದುರಾಗಿ ನಿಲ್ಲುತ್ತದೆ. ಪ್ರಾಣಿ ವನ್ಯಜೀವಿ ಅನುಸೂಚಿಯದ್ದಾಗಿದ್ದರೆ ಶಿಕ್ಷೆ ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ.

2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಸಾರ್ವಜನಿಕರ ಮುಂದಿಟ್ಟ ತಿದ್ದುಪಡಿ ಕರಡು ಈ ಹಳೆಯ ದಂಡಗಳನ್ನು ಏರಿಸುವುದಕ್ಕೆ ಹೊರಟಿತ್ತು. ದಂಡ ಏರಿಸುವುದು ಸುಲಭದ ಕೆಲಸ. ಕಷ್ಟದ್ದು 21ನೆಯ ಸೆಕ್ಷನ್‌ನ "ಟಿಕೆಟ್" ಎಂಬ ಶಬ್ದವನ್ನು ಮುಟ್ಟುವುದು. ಅದನ್ನು ತೆಗೆದು "ಜನ ಸೇರುವ ಯಾವುದೇ ಮನರಂಜನೆ" ಎಂದು ಬರೆದರೆ ಉಚಿತ ಮಳಿಗೆಯ ಇಗ್ವಾನಾ, ಕರೆಯ ಕೋಣ, ದೇವಸ್ಥಾನದ ಅಂಗಳದ ಆನೆ ಒಂದೇ ದಿನ ಕಾಯಿದೆಯೊಳಗೆ ಬರುತ್ತವೆ. ಹೋರಿ ನಿಷಿದ್ಧ ಪಟ್ಟಿಯಲ್ಲಿ ಇರುವುದರಿಂದ, ಮನೆಯ ಮುಂದೆ ನಿಂತು ತಲೆಯಾಡಿಸಿ ಹಿಡಿ ಅಕ್ಕಿ ಪಡೆಯುವ ಕೋಲೆಬಸವನೂ ಬರುತ್ತಾನೆ. ಉಳಿದವುಗಳಿಗೆ ನೋಂದಣಿಯ ಬಾಗಿಲಾದರೂ ತೆರೆದಿರುತ್ತದೆ, ಅವನಿಗೆ ಅದೂ ಇರುವುದಿಲ್ಲ.